ಹುಬ್ಬಳ್ಳಿಗೆ ಹೋದ ಕೇಸು

ದೀಪಾವಳಿ ಮುಗಿಯುತ್ತಿದ್ದಂತೆ ಹಾವೇರಿ ಜಿಲ್ಲೆಯ ಹಾನಗಲ್ಲ, ಹಿರೇಕೆರೂರು ಸೀಮೆಯಲ್ಲಿ ಹೋರಿ ಹಬ್ಬದ ಹುರುಪು ಏರುತ್ತದೆ. ಕೊರಳಿಗೆ ಕೊಬ್ಬರಿ ಸರ, ಕೊಂಬಿಗೆ ಬಲೂನು, ಬೆನ್ನಿಗೆ ಜೂಲು ಕಟ್ಟಿಸಿಕೊಂಡ ಹೋರಿ ಜನರ ನಡುವೆ ನುಗ್ಗುತ್ತದೆ. ಕೊಬ್ಬರಿ ಹರಿಯಲು ಹುಡುಗರು ಅದರ ಮೇಲೆ ಬೀಳುತ್ತಾರೆ. ಬೇಲಿ, ಪೊಲೀಸರು, ಮೈಕಿನಲ್ಲಿ ಎಚ್ಚರಿಕೆ ಎಲ್ಲ ಇದ್ದರೂ ಸಂಜೆ ಹೊತ್ತಿಗೆ ಯಾರಾದರೊಬ್ಬ ಆಸ್ಪತ್ರೆಯ ಡ್ರೆಸಿಂಗ್ ರೂಮಿನಲ್ಲಿ ಮಲಗಿರುತ್ತಾನೆ. ಕೆಲವು ವರ್ಷ ಜೀವವೂ ಹೋಗಿದೆ.

ಕೊಂಬಿನ ಗಾಯ ಮೋಸದ ಗಾಯ. ಮೇಲೆ ನೋಡಿದರೆ ಎರಡು ಬೆರಳಿನಷ್ಟು ಬಾಯಿ, ರಕ್ತವೂ ಅಷ್ಟೇನಿಲ್ಲ. ಆದರೆ ಹೋರಿ ತಿವಿದು ಸುಮ್ಮನಾಗುವುದಿಲ್ಲ, ಕತ್ತು ಎತ್ತಿ ಒಗೆಯುತ್ತದೆ. ಆಗ ಒಳಗಿದ್ದ ಕೊಂಬು ತಿರುಗಿ ಇನ್ನೊಂದು ದಿಕ್ಕಿಗೆ ದಾರಿ ಮಾಡಿಕೊಳ್ಳುತ್ತದೆ. ಜತೆಗೆ ಮಣ್ಣು, ಸಗಣಿ, ಲುಂಗಿಯ ಚೂರು ಒಳಗೆ ಹೋಗಿರುತ್ತವೆ. ತೊಡೆಸಂದಿನಲ್ಲಿ ಕಾಣುವ ಗಾಯದ ತುದಿ ಹೊಟ್ಟೆಯೊಳಗೆ ಇರಬಹುದು. ಪಕ್ಕೆಯ ಕೆಳಗಿನದು ಎದೆಗೂಡಿಗೆ ತಲುಪಿರಬಹುದು. ಇಂಥ ಗಾಯವನ್ನು ಮೇಲಿಂದ ನಾಲ್ಕು ಹೊಲಿಗೆ ಹಾಕಿ ಮುಚ್ಚಿದರೆ ಕೀವನ್ನು ಒಳಗೆ ಕೂಡಿಹಾಕಿದ ಹಾಗೆ. ಒಳಗೆ ಎಲ್ಲಿಯವರೆಗೆ ಹೋಗಿದೆ ಎಂದು ತೆರೆದು ನೋಡಬೇಕು, ಬೇಕಾದಷ್ಟು ಸಲೈನ್ ಸುರಿದು ತೊಳೆಯಬೇಕು, ಸತ್ತ ಮಾಂಸ ತೆಗೆಯಬೇಕು, ಧನುರ್ವಾಯುವಿನ ಚುಚ್ಚುಮದ್ದು ಕೊಡಬೇಕು, ಬಹಳ ಸಲ ಗಾಯವನ್ನು ಕೆಲ ದಿನ ಹಾಗೇ ಬಿಟ್ಟು ಆಮೇಲೆ ಹೊಲಿಯಬೇಕು. ಇದಕ್ಕೂ ಮುಂಚೆ ಉಸಿರು ಸರಿಯಾಗಿ ಆಡುತ್ತಿದೆಯೇ, ನಾಡಿ ಕ್ಷೀಣಿಸುತ್ತಿದೆಯೇ ಎಂದು ನೋಡುವ ತಾಳ್ಮೆ ಇರಬೇಕು. ಕರುಳು ಹೊರಗೆ ಬಂದಿದ್ದರೆ ಒಳಗೆ ತಳ್ಳುವ ಆತುರ ಬೇಡ, ಒದ್ದೆ ಬಟ್ಟೆಯಿಂದ ಮುಚ್ಚಬೇಕು.

ಒಂದೇ ಗಾಯದಲ್ಲಿ ಸರ್ಜರಿಯ ಅರ್ಧ ಪಾಠವಿದೆ. ಆದರೆ ಈ ಪಾಠ ಯಾವ ವಿದ್ಯಾರ್ಥಿಯ ಕೈಗೂ ಇಡಿಯಾಗಿ ಸಿಗುವುದು ಅಪರೂಪ. ಮೊದಲು ಗಾಯ ನೋಡಿ ಕಟ್ಟು ಹಾಕುವುದು ತಾಲ್ಲೂಕು ಆಸ್ಪತ್ರೆಯಲ್ಲಿ, ಆಪರೇಷನ್ ಆಗುವುದು ಬಹುಪಾಲು ಹುಬ್ಬಳ್ಳಿಯಲ್ಲಿ, ಕೊನೆಗೆ ಹೊಲಿಗೆ ಬಿಚ್ಚಿಸಿಕೊಳ್ಳುವುದು ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ. ಮೂರು ಕಡೆ ಮೂವರು ನೋಡುತ್ತಾರೆ. ಹುಬ್ಬಳ್ಳಿ ಮೆಡಿಕಲ್ ಕಾಲೇಜಿನ ವಿದ್ಯಾರ್ಥಿಗೆ ನಡುವಿನ ಅಂಕ ಮಾತ್ರ ಕಾಣುತ್ತದೆ. ಶಸ್ತ್ರಚಿಕಿತ್ಸೆಯ ಕ್ಲರ್ಕ್‌ಶಿಪ್ ಎಂಬ ತರಬೇತಿಯ ಬಗ್ಗೆ ಈಗ ಹಾವೇರಿ ಜಿಲ್ಲೆಯವರು ಯಾಕೆ ತಲೆ ಕೆಡಿಸಿಕೊಳ್ಳಬೇಕು ಎನ್ನುವುದಕ್ಕೆ ಇದೇ ಕಾರಣ.

ಕ್ಲರ್ಕ್‌ಶಿಪ್ ಹೊಸ ವಿಚಾರವಲ್ಲ. ಲಂಡನ್ನಿನ ಆಸ್ಪತ್ರೆಗಳಲ್ಲಿ ಹತ್ತೊಂಬತ್ತನೇ ಶತಮಾನದ ಆರಂಭದಲ್ಲೇ ಸರ್ಜನ್ನರ ಕೈಕೆಳಗೆ ‘ಡ್ರೆಸರ್’ ಎಂಬ ವಿದ್ಯಾರ್ಥಿಗಳಿದ್ದರು: ಗಾಯ ಕಟ್ಟುವುದು, ರಾತ್ರಿ ಬಂದ ರೋಗಿಯನ್ನು ಮೊದಲು ನೋಡುವುದು, ಆಪರೇಷನ್ನಿನಲ್ಲಿ ಹಿಡಿದು ನಿಲ್ಲುವುದು ಅವರ ಕೆಲಸ. ಇಂಗ್ಲಿಷ್ ಕವಿ ಜಾನ್ ಕೀಟ್ಸ್ 1816ರಲ್ಲಿ ಗೈಸ್ ಆಸ್ಪತ್ರೆಯಲ್ಲಿ ಡ್ರೆಸರ್ ಆಗಿದ್ದ. ಅರಿವಳಿಕೆ ಇಲ್ಲದ ಕಾಲ. ಆಪರೇಷನ್ ಕೋಣೆ ಬಿಟ್ಟು ಕವಿತೆಗೆ ಹೋದದ್ದಕ್ಕೆ ಅವನನ್ನು ಯಾರೂ ದೂರಲಾರರು. ಶತಮಾನದ ಕೊನೆಯಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ವಿಲಿಯಂ ಆಸ್ಲರ್ ಈ ಪದ್ಧತಿಯನ್ನು ವೈದ್ಯ ಶಿಕ್ಷಣದ ಕೇಂದ್ರಕ್ಕೆ ತಂದ. ವಿದ್ಯಾರ್ಥಿ ಉಪನ್ಯಾಸ ಕೇಳಿ ಹೋಗುವ ಅತಿಥಿಯಲ್ಲ, ವಾರ್ಡಿನ ಕೆಲಸಗಾರರಲ್ಲಿ ಒಬ್ಬ. ಅವನ ಹೆಸರಿಗೆ ಇಷ್ಟು ಹಾಸಿಗೆ, ಆ ಹಾಸಿಗೆಯ ರೋಗಿಗಳ ಪೂರ್ತಿ ಸುದ್ದಿ ಅವನಲ್ಲಿರಬೇಕು. ತನ್ನ ಎಲ್ಲ ಕೆಲಸದಲ್ಲಿ ವಾರ್ಡಿನಲ್ಲಿ ವಿದ್ಯಾರ್ಥಿಗಳಿಗೆ ಕಲಿಸಿದ್ದೇ ದೊಡ್ಡದು ಎಂದು ಆಸ್ಲರ್ ತಿಳಿದಿದ್ದ.

ನಮ್ಮಲ್ಲಿ ಅದು ಬೇರೆ ರೂಪ ಪಡೆಯಿತು. ಒಂದು ಹಾಸಿಗೆ, ಸುತ್ತ ಹದಿನೈದು ಬಿಳಿ ಕೋಟು, ಒಬ್ಬ ಕೇಸ್ ಪ್ರೆಸೆಂಟ್ ಮಾಡುವುದು, ಸರ್ ಬೈಯುವುದು, ಉಳಿದವರು ಎಸ್. ದಾಸ್ ಅವರ ಸರ್ಜರಿ ಪುಸ್ತಕದಲ್ಲಿ ಬೆರಳಿಟ್ಟುಕೊಂಡು ತಮ್ಮ ಸರದಿ ಬರದಿರಲಿ ಎಂದು ಕೋರುವುದು. ಮೂರು ಗಂಟೆ ಮುಗಿದರೆ ಪೋಸ್ಟಿಂಗ್ ಮುಗಿಯಿತು. ಮಧ್ಯಾಹ್ನ ಆ ರೋಗಿಗೆ ಏನಾಯಿತು ಎಂಬುದು ಯಾರಿಗೂ ಗೊತ್ತಿಲ್ಲ. 2019ರಲ್ಲಿ ಭಾರತೀಯ ವೈದ್ಯಕೀಯ ಮಂಡಳಿ ಎಂಬಿಬಿಎಸ್ ಪಠ್ಯಕ್ರಮ ಬದಲಿಸಿದಾಗ ಇದಕ್ಕೊಂದು ಮದ್ದು ಹುಡುಕಿತು. ‘ಲರ್ನರ್ ಡಾಕ್ಟರ್’ ಎಂದು ಅದರ ಹೆಸರು, ಹೂರಣ ಕ್ಲರ್ಕ್‌ಶಿಪ್ಪೇ. ಮೊದಲ ವರ್ಷ ಆಸ್ಪತ್ರೆಯ ಪರಿಚಯ; ಎರಡನೇ ವರ್ಷ ರೋಗಿಯ ಕಥೆ ಕೇಳುವುದು, ಮೈ ಪರೀಕ್ಷೆ; ಮೂರನೇ ವರ್ಷ ಯಾವ ತಪಾಸಣೆ ಬೇಕು ಎಂದು ಆರಿಸುವುದು, ಸಣ್ಣಪುಟ್ಟ ಕೈಕೆಲಸ, ರೋಗಿಯ ಬೆನ್ನು ಬಿಡದಿರುವುದು; ಕೊನೆಯ ಹಂತದಲ್ಲಿ ತೀರ್ಮಾನ ತೆಗೆದುಕೊಳ್ಳುವ ಕೆಲಸದಲ್ಲಿ ಪಾಲು. ನನ್ನ ಮಟ್ಟಿಗೆ ಇಡೀ ಪಠ್ಯಕ್ರಮದ ಸತ್ವ ಇರುವುದು ‘ಬೆನ್ನು ಬಿಡದಿರುವುದು’ ಎಂಬಲ್ಲಿ.

ಅದು ನಡೆಯುವ ರೀತಿಗೆ ಅಪೆಂಡಿಕ್ಸನ್ನೇ ತೆಗೆದುಕೊಳ್ಳೋಣ. ರಾತ್ರಿ ಹತ್ತಕ್ಕೆ ಸವಣೂರು ಕಡೆಯ ಹುಡುಗನೊಬ್ಬ ಹೊಟ್ಟೆ ಹಿಡಿದುಕೊಂಡು ಬರುತ್ತಾನೆ. ‘ಮೊದ್ಲ ಹೊಕ್ಕಳದ ಸುತ್ತ ನೋಯಾಕತ್ತಿತ್ರಿ, ಈಗ ಬಲಕ್ಕ ಇಳದೈತಿ. ಉಣ್ಣಾಕ ಮನಸಿಲ್ಲ.’ ರೋಗನಿರ್ಣಯದ ಮುಕ್ಕಾಲು ಪಾಲು ಈ ಎರಡು ಮಾತಿನಲ್ಲಿದೆ. ಕೇಳುವ ವಿದ್ಯಾರ್ಥಿ ಮಂಗಳೂರಿನವನೋ, ಅಖಿಲ ಭಾರತ ಕೋಟಾದ ಶೇ 15 ಸೀಟಿನಲ್ಲಿ ಬಂದ ರಾಜಸ್ಥಾನದವನೋ ಆಗಿದ್ದರೆ ಮೊದಲ ತಿಂಗಳು ತಿಣುಕುತ್ತಾನೆ. ಸ್ಥಳೀಯ ಭಾಷೆ ಕಲಿಸಬೇಕೆಂದು ನಿಯಮವೇ ಇದೆ, ಆದರೆ ಪಾಠದ ಕನ್ನಡ ಬೇರೆ, ಬಂಕಾಪುರದ ಅಜ್ಜಿಯ ಕನ್ನಡ ಬೇರೆ. ಅದನ್ನು ಕಲಿಸುವವರು ವಾರ್ಡಿನ ಸಿಸ್ಟರು ಮತ್ತು ಆಯಾ.

ಹೊಟ್ಟೆ ಮುಟ್ಟುವುದು ನೋವಿಲ್ಲದ ಕಡೆಯಿಂದ ಶುರುವಾಗಬೇಕು, ಕಣ್ಣು ರೋಗಿಯ ಮುಖದ ಮೇಲಿರಬೇಕು. ಸರ್ಜನ್ ಮೆಕ್‌ಬರ್ನಿ 1889ರಲ್ಲಿ ಗುರುತಿಸಿದ ಜಾಗದಲ್ಲಿ ಒತ್ತಿದಾಗ ಹುಡುಗ ಮುಖ ಕಿವುಚಿದರೆ ಸಾಕು, ಮತ್ತೆ ಮತ್ತೆ ಒತ್ತಿ ಖಾತ್ರಿ ಮಾಡಿಕೊಳ್ಳಬೇಕಾಗಿಲ್ಲ. ಆಮೇಲೆ ರಕ್ತ, ಸ್ಕ್ಯಾನು, ಬಾಯಿಗೆ ಏನೂ ಕೊಡಬೇಡಿ ಎಂದು ತಾಯಿಗೆ ತಿಳಿಸಿ ಹೇಳುವುದು. ತಾಯಿ ಆಗಲೇ ಅರ್ಧ ಲೋಟ ಚಹಾ ಕುಡಿಸಿರುತ್ತಾಳೆ. ಅದನ್ನು ಕೇಳಿ ತಿಳಿದು ಅರಿವಳಿಕೆ ವೈದ್ಯರಿಗೆ ಮುಟ್ಟಿಸುವುದೂ ಕ್ಲರ್ಕನ ಕೆಲಸ. ಓಟಿಯಲ್ಲಿ ಸ್ಕ್ರಬ್ ಆಗಿ ರಿಟ್ರಾಕ್ಟರ್ ಹಿಡಿದು ನಿಲ್ಲುವುದು ಬೇಸರದ ಕೆಲಸ ಎನ್ನುವವರುಂಟು. ಆದರೆ ಸಂಜೆ ತಾನೇ ಒತ್ತಿ ನೋಡಿದ ಹೊಟ್ಟೆಯೊಳಗೆ ಏನಿತ್ತು ಎಂಬುದು ಅಲ್ಲಿ ಕಾಣುತ್ತದೆ. ತನ್ನ ಊಹೆ ಸರಿಯೋ ತಪ್ಪೋ ಎಂದು ಗೊತ್ತಾಗುವ ಅವಕಾಶ ಪರೀಕ್ಷಾ ಕೊಠಡಿಯಲ್ಲೂ ಇಷ್ಟು ಬೇಗ ಸಿಗುವುದಿಲ್ಲ.

ಅರಿವಳಿಕೆಗೆ ಮುಂಚೆ, ಚರ್ಮ ಕೊಯ್ಯುವ ಮುಂಚೆ, ಕೊಠಡಿ ಬಿಡುವ ಮುಂಚೆ, ಹೀಗೆ ಮೂರು ಸಲ ನಿಂತು ಪಟ್ಟಿ ಓದಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ: ರೋಗಿ ಇವನೇ ತಾನೇ, ಬಲಗಡೆಯೇ ತಾನೇ, ಬಟ್ಟೆ, ಸೂಜಿ ಲೆಕ್ಕ ಸರಿಯೇ. ದೆಹಲಿಯೂ ಸೇರಿ ಎಂಟು ನಗರಗಳಲ್ಲಿ ಇದನ್ನು ಒರೆಗೆ ಹಚ್ಚಿ 2009ರಲ್ಲಿ ಪ್ರಕಟಿಸಿದ ವರದಿಯಲ್ಲಿ ಸಾವಿನ ಪ್ರಮಾಣ ಶೇ 1.5ರಿಂದ 0.8ಕ್ಕೆ ಇಳಿದಿತ್ತು. ಪಟ್ಟಿಯನ್ನು ಗಟ್ಟಿಯಾಗಿ ಓದುವ ಕೆಲಸ ವಿದ್ಯಾರ್ಥಿಗೆ ಕೊಟ್ಟರೆ ದೊಡ್ಡ ಸರ್ಜನ್ನರ ಎದುರು ಬಾಯಿ ಬಿಡುವ ಅಭ್ಯಾಸವೂ ಆಗುತ್ತದೆ. ನಮ್ಮ ಆಸ್ಪತ್ರೆಗಳಲ್ಲಿ ಅದು ಸಣ್ಣ ವಿಷಯವಲ್ಲ.

ಮರುದಿನ ಬೆಳಿಗ್ಗೆ ರೌಂಡ್ಸಿಗೆ ಮೊದಲು ಕ್ಲರ್ಕ್ ಕೇಳಬೇಕಾದ ಪ್ರಶ್ನೆ: ‘ಗಾಳಿ ಹೋತೇನ್ರಿ?’ ಕಾಲೇಜಿಗೆ ಹೊಸದಾಗಿ ಬಂದ ಹುಡುಗಿಯರು ಇದನ್ನು ಕೇಳಲು ನಾಚುತ್ತಾರೆ. ಕರುಳು ಮತ್ತೆ ಕೆಲಸಕ್ಕೆ ಹತ್ತಿದೆ ಎಂಬ ಸುದ್ದಿಯನ್ನು ಇಷ್ಟು ಅಗ್ಗವಾಗಿ ತಿಳಿಸುವ ಯಂತ್ರ ಇನ್ನೂ ಬಂದಿಲ್ಲ. ಮೂತ್ರ ಎಷ್ಟಾಯಿತು, ಜ್ವರದ ಗೆರೆ ಏರಿದೆಯೇ, ಗಾಯ ಕೆಂಪಾಗಿದೆಯೇ, ಎದ್ದು ನಡೆದನೇ? ಮೂರನೇ ದಿನ ಹಾಸಿಗೆ ಖಾಲಿ. ಹೊಲಿಗೆ ಬಿಚ್ಚಲು ಒಂದು ವಾರದ ಮೇಲೆ ಬರಬೇಕು, ಕತ್ತರಿಸಿ ತೆಗೆದ ಅಪೆಂಡಿಕ್ಸಿನ ಪೆಥಾಲಜಿ ವರದಿಯೂ ಆಗ ಬಂದಿರುತ್ತದೆ. ಈ ಕೊನೆಯ ಭಾಗವನ್ನು ವಿದ್ಯಾರ್ಥಿ ನೋಡುವುದೇ ಇಲ್ಲ. ಗಾಯ ಕೀವಾಗುವುದು ಸಾಮಾನ್ಯವಾಗಿ ಆಗಲೇ.

ರೋಗಿಯ ಕಡೆಯಿಂದಲೂ ಇದನ್ನು ನೋಡಬೇಕು. ಹರ್ನಿಯಾ ಇರುವ ಹಿರಿಯರೊಬ್ಬರನ್ನು ನಿಲ್ಲಿಸಿ, ಧೋತರ ಸರಿಸಿ, ಹತ್ತು ಹುಡುಗರು ಸರದಿಯ ಮೇಲೆ ‘ಅಜ್ಜಾರ, ಕೆಮ್ಮರಿ’ ಎಂದರೆ ಹತ್ತನೆಯವನ ಹೊತ್ತಿಗೆ ಅಜ್ಜನಿಗೆ ನಿಜವಾಗಿಯೂ ಕೆಮ್ಮು ಹತ್ತಿರುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಬೇಡ ಎನ್ನಬಹುದು ಎಂಬುದು ಬಡವನಿಗೆ ತಿಳಿದಿರುವುದಿಲ್ಲ. ಒಬ್ಬ ರೋಗಿಗೆ ಒಬ್ಬ ಕ್ಲರ್ಕ್ ಎಂಬ ಪದ್ಧತಿಯ ದೊಡ್ಡ ಲಾಭ ರೋಗಿಯದೇ: ದಿನವೂ ಬರುವ ಒಂದೇ ಮುಖ, ಮನೆಗೆ ಫೋನ್ ಹಚ್ಚಿಕೊಡುವ, ಆರೋಗ್ಯ ಕರ್ನಾಟಕ ಯೋಜನೆಯ ಕಾಗದ ಎಲ್ಲಿ ಕೊಡಬೇಕು ಎಂದು ತೋರಿಸುವ ಒಬ್ಬ ಹುಡುಗ. ಹೆಣ್ಣುಮಕ್ಕಳ ಸ್ತನದ ಗಡ್ಡೆ ಪರೀಕ್ಷೆಗೆ ಸಿಸ್ಟರ್ ಜತೆಗಿರಬೇಕು, ಪರದೆ ಇರಬೇಕು, ಮೊದಲು ಕೇಳಬೇಕು. ನೀತಿ ಮತ್ತು ಮಾತುಕತೆಯ ಪಾಠವನ್ನು ಹೊಸ ಪಠ್ಯಕ್ರಮ ಕಡ್ಡಾಯ ಮಾಡಿದೆ. ತರಗತಿಯಲ್ಲಿ ಅದು ನಾಟಕವಾಗಿಬಿಡುವ ಅಪಾಯವೇ ಹೆಚ್ಚು.

ಕೈ ಪಳಗುವುದು ರೋಗಿಯ ಮೈಮೇಲೇ ಆಗಬೇಕಿಲ್ಲ. ಸುಶ್ರುತ ಸಂಹಿತೆಯಲ್ಲಿ ಇದಕ್ಕೇ ಒಂದು ಅಧ್ಯಾಯವಿದೆ: ಕುಂಬಳ, ಸೋರೆಯಂಥ ಕಾಯಿಗಳ ಮೇಲೆ ಕೊಯ್ಯುವುದು, ನೀರು ತುಂಬಿದ ತೊಗಲ ಚೀಲ ಸೀಳುವುದು, ದಪ್ಪ ಬಟ್ಟೆಯ ಮೇಲೆ ಹೊಲಿಯುವುದು, ಗೊಂಬೆಗೆ ಕಟ್ಟು ಕಟ್ಟುವುದು. ಈಗಿನ ಕಾಲೇಜುಗಳಲ್ಲಿ ಸ್ಕಿಲ್ ಲ್ಯಾಬ್ ಇರಬೇಕೆಂಬುದು ನಿಯಮ. ತೋರಿಸು, ನೋಡು, ನೆರವಾಗು, ಮಾಡು ಎಂಬ ನಾಲ್ಕು ಮೆಟ್ಟಿಲು, ಪ್ರತಿ ಮೆಟ್ಟಿಲಿಗೆ ಲಾಗ್‌ಬುಕ್ಕಿನಲ್ಲಿ ಸಹಿ. ಪೋಸ್ಟಿಂಗಿನ ಕೊನೆಯ ದಿನ ಐವತ್ತು ಲಾಗ್‌ಬುಕ್ ಒಟ್ಟಿ ಒಂದೇ ಪೆನ್ನಿನಿಂದ ಸಹಿ ಹಾಕಿದರೆ ಅದಕ್ಕೇನೂ ಅರ್ಥವಿಲ್ಲ ಎಂಬುದನ್ನು ಹೇಳಲು ತಜ್ಞರೇ ಬೇಕಿಲ್ಲ.

ಇನ್ನು ಈ ಸೀಮೆಯ ಕೇಸು ಹುಬ್ಬಳ್ಳಿಯ ದಾರಿ ಹಿಡಿದ ಕಥೆ. ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೆ ಮೊದಲು ಈ ತಾಲ್ಲೂಕುಗಳೆಲ್ಲ ಧಾರವಾಡ ಜಿಲ್ಲೆಯವು. ಹೊಟ್ಟೆ ಕೊಯ್ಯುವ ಕೆಲಸವೆಂದರೆ ಒಂದು ಕಾಲಕ್ಕೆ ಮೀರಜ್, ವಾನ್ಲೆಸ್ ಎಂಬ ಮಿಷನರಿ ವೈದ್ಯ 1894ರಲ್ಲಿ ಕಟ್ಟಿದ ಆಸ್ಪತ್ರೆ. 1957ರಲ್ಲಿ ಹುಬ್ಬಳ್ಳಿಯಲ್ಲಿ ಮೆಡಿಕಲ್ ಕಾಲೇಜು ಶುರುವಾದ ಮೇಲೆ ದಾರಿ ಅತ್ತ ತಿರುಗಿತು. ಅದರ ಹೆಸರು ಏನೇ ಬದಲಾದರೂ ಜನರಿಗೆ ಅದು ಕಿಮ್ಸ್. ಹೆದ್ದಾರಿಯ ಮೇಲಿರುವ ಶಿಗ್ಗಾಂವಿಗೂ ಪಕ್ಕದ ಸವಣೂರಿಗೂ ಅದು ಹತ್ತಿರ. ಹಿರೇಕೆರೂರಿನವರು ಶಿವಮೊಗ್ಗ, ದಾವಣಗೆರೆಯ ಕಡೆಗೂ ನೋಡುತ್ತಾರೆ. ಹಾವೇರಿಯಲ್ಲೇ ಸರ್ಕಾರಿ ವೈದ್ಯಕೀಯ ಕಾಲೇಜು, ಹಾವೇರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, 150 ಸೀಟುಗಳೊಂದಿಗೆ ಆರಂಭವಾದದ್ದು 2022-23ರಲ್ಲಿ.

ತಾಲ್ಲೂಕಿನಿಂದ ಕೇಸು ಮುಂದಕ್ಕೆ ಹೋಗುವುದಕ್ಕೆ ಸರ್ಜನ್ನರ ಸೋಮಾರಿತನ ಕಾರಣ ಎಂದು ಊರವರು ಬೈಯುವುದುಂಟು. ಬಹಳ ಸಲ ಅದು ಅನ್ಯಾಯದ ಮಾತು. ಒಬ್ಬನೇ ಸರ್ಜನ್ ಇರುವ ಕಡೆ ಅವನು ರಜೆಯಲ್ಲಿದ್ದರೆ ಮುಗಿಯಿತು. ಅವನಿದ್ದರೂ ಅರಿವಳಿಕೆ ವೈದ್ಯರಿಲ್ಲದಿದ್ದರೆ ಕೈ ಕಟ್ಟಿದಂತೆ. ಇಬ್ಬರೂ ಇದ್ದು ರಕ್ತ ಸಿಗದಿದ್ದರೆ ಯಾರು ಧೈರ್ಯ ಮಾಡುತ್ತಾರೆ? ಏನಾದರೂ ಆದರೆ ಬಾಗಿಲ ಗಾಜು ಒಡೆಯುವವರು ಆಪರೇಷನ್ ಬೇಗ ಮಾಡಿ ಎಂದು ಒತ್ತಾಯಿಸಿದವರೇ ಆಗಿರುತ್ತಾರೆ. ಹೀಗಾಗಿ 108ಕ್ಕೆ ಫೋನ್, ಒಂದು ಚೀಟಿ, ಹುಬ್ಬಳ್ಳಿ. ಶಸ್ತ್ರಚಿಕಿತ್ಸೆಯ ಜಾಗತಿಕ ಸ್ಥಿತಿಯ ಬಗ್ಗೆ 2015ರಲ್ಲಿ ಲ್ಯಾನ್ಸೆಟ್ ಆಯೋಗ ವರದಿ ಕೊಟ್ಟಾಗ ಆಸ್ಪತ್ರೆಯೊಂದರ ಶಕ್ತಿ ಅಳೆಯಲು ಮೂರು ಕೆಲಸ ಹೆಸರಿಸಿತು: ಹೊಟ್ಟೆ ತೆರೆಯುವುದು, ಸಿಸೇರಿಯನ್, ಚರ್ಮ ಹರಿದು ಮುರಿದ ಮೂಳೆಗೆ ಚಿಕಿತ್ಸೆ. ಯಾವ ಊರಿನವರಿಗೂ ಇವು ಎರಡು ಗಂಟೆಯೊಳಗೆ ಸಿಗಬೇಕು. ಲಕ್ಷ ಜನಕ್ಕೆ ಸರ್ಜನ್, ಅರಿವಳಿಕೆ, ಪ್ರಸೂತಿ ತಜ್ಞರು ಸೇರಿ 20 ಮಂದಿ ಇರಬೇಕು. 2011ರ ಜನಗಣತಿಯ ಸುಮಾರು 16 ಲಕ್ಷದ ಲೆಕ್ಕ ಹಿಡಿದರೂ ಹಾವೇರಿ ಜಿಲ್ಲೆಗೆ 320 ಜನ. ಆ ಸಂಖ್ಯೆಯನ್ನು ತಾಲ್ಲೂಕು ಆಸ್ಪತ್ರೆಯ ವೈದ್ಯರೆದುರು ಹೇಳಿದರೆ ನಕ್ಕುಬಿಡುತ್ತಾರೆ.

ಸಣ್ಣ ಊರಿನ ಆಸ್ಪತ್ರೆಯಿಂದ ದೊಡ್ಡವರು ಕಲಿತ ಒಂದು ಪ್ರಸಂಗ ಹೇಳಬೇಕು. 1976ರ ಫೆಬ್ರುವರಿಯಲ್ಲಿ ಅಮೆರಿಕದ ನೆಬ್ರಾಸ್ಕದಲ್ಲಿ ಮೂಳೆ ಸರ್ಜನ್ ಜೇಮ್ಸ್ ಸ್ಟೈನರ್ ತಾನೇ ನಡೆಸುತ್ತಿದ್ದ ಸಣ್ಣ ವಿಮಾನ ಹೊಲದಲ್ಲಿ ಬಿತ್ತು. ಹೆಂಡತಿ ಅಲ್ಲೇ ತೀರಿಕೊಂಡಳು, ಮಕ್ಕಳಿಗೆ ಏಟಾಗಿತ್ತು. ಹತ್ತಿರದ ಊರಿನ ಆಸ್ಪತ್ರೆಯಲ್ಲಿ ಸಿಕ್ಕ ಚಿಕಿತ್ಸೆ ನೋಡಿ ಅವನಿಗೆ ದಿಗಿಲಾಯಿತು: ಮೊದಲು ಯಾವುದು, ಆಮೇಲೆ ಯಾವುದು ಎಂಬ ಕ್ರಮವೇ ಅಲ್ಲಿರಲಿಲ್ಲ. ಅವನೂ ಗೆಳೆಯರೂ ಸೇರಿ ಕಟ್ಟಿದ ತರಬೇತಿ 1978ರಲ್ಲಿ ಅದೇ ರಾಜ್ಯದ ಆಬರ್ನ್ ಎಂಬ ಪುಟ್ಟ ಊರಿನಲ್ಲಿ ಶುರುವಾಯಿತು. ಉಸಿರಿನ ದಾರಿ, ಉಸಿರು, ರಕ್ತದ ಓಟ ಎಂಬ ಅದರ ಕ್ರಮವನ್ನು ಇವತ್ತು ಜಗತ್ತಿನ ದೊಡ್ಡ ಆಸ್ಪತ್ರೆಗಳೆಲ್ಲ ಪಾಲಿಸುತ್ತವೆ. ಅಪಘಾತದ ಮೊದಲ ಗಂಟೆಯ ವಿದ್ಯೆ ಹುಟ್ಟಿದ್ದು ಒಬ್ಬಿಬ್ಬರೇ ವೈದ್ಯರಿರುವ ಆಸ್ಪತ್ರೆಗಾಗಿ. ವಿದ್ಯಾರ್ಥಿ ಅದನ್ನು ಕಲಿಯಲು ಅಂಥದ್ದೇ ಆಸ್ಪತ್ರೆಗೆ ಹೋಗುವುದಿಲ್ಲ ಎನ್ನುವುದೇ ವಿಚಿತ್ರ.

ತಾಲ್ಲೂಕು ಸರ್ಜನ್ ಹತ್ತಿರ ಇರುವ ವಿದ್ಯೆ ಯಾವುದು ಎಂದು ಕೇಳುವವರಿಗೆ: ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಕಳಿಸಬೇಕು, ಕಳಿಸುವ ಮೊದಲು ಏನು ಮಾಡಿ ಕಳಿಸಬೇಕು. ಒಡೆದ ಗುಲ್ಮದಿಂದ ಹೊಟ್ಟೆಯಲ್ಲಿ ರಕ್ತ ತುಂಬುತ್ತಿರುವವನನ್ನು ಒಂದು ಸೂಜಿಯೂ ಇಲ್ಲದೆ ಗಾಡಿಗೆ ಹಾಕುವುದಕ್ಕೂ, ಎರಡು ದಪ್ಪ ಸೂಜಿ, ಸಲೈನು, ಮೂತ್ರದ ನಳಿಕೆ, ಜತೆಗೊಬ್ಬ ನರ್ಸ್, ಹುಬ್ಬಳ್ಳಿಗೆ ಮೊದಲೇ ಫೋನು ಮಾಡಿ ಕಳಿಸುವುದಕ್ಕೂ ಜೀವದಷ್ಟು ವ್ಯತ್ಯಾಸವಿದೆ. ದೊಡ್ಡ ಆಸ್ಪತ್ರೆಯ ಕ್ಲರ್ಕ್ ಚೀಟಿ ಓದಲು ಕಲಿಯುತ್ತಾನೆ, ಬರೆಯಲು ಕಲಿಯುವುದಿಲ್ಲ. ಕಡಿಮೆ ಖರ್ಚಿನ ಜಾಣ್ಮೆಯೂ ಸಣ್ಣ ಊರಿನದೇ. ಮಹಾರಾಷ್ಟ್ರದ ದೊಂಡಾಯಿಚಾದ ಸರ್ಜನ್ ಆರ್.ಆರ್. ತೊಂಗಾಂವ್ಕರ್ ಹರ್ನಿಯಾಗೆ ದುಬಾರಿ ಜಾಲರಿಯ ಬದಲು ಸ್ಟೆರಿಲೈಸ್ ಮಾಡಿದ ಸೊಳ್ಳೆ ಪರದೆಯ ತುಂಡು ಹಾಕತೊಡಗಿದಾಗ ಪೇಟೆಯವರು ಮೂಗು ಮುರಿದಿರಬೇಕು; ಅಂಥ ಅಗ್ಗದ ಜಾಲರಿ ದುಬಾರಿಯದಕ್ಕೆ ಸರಿಸಾಟಿ ಎಂದು ಉಗಾಂಡದಲ್ಲಿ ನಡೆದ ಪರೀಕ್ಷೆ 2016ರಲ್ಲಿ ತೋರಿಸಿತು.

ವಿದ್ಯಾರ್ಥಿಗಳನ್ನು ಹಳ್ಳಿಗೆ ಕಳಿಸಿದರೆ ಓದು ಹಾಳಾಗುತ್ತದೆ ಎಂಬ ಭಯಕ್ಕೂ ಉತ್ತರವಿದೆ. ಮಿನ್ನೆಸೋಟ ವಿಶ್ವವಿದ್ಯಾಲಯ 1971ರಿಂದಲೇ ವಿದ್ಯಾರ್ಥಿಗಳನ್ನು ತಿಂಗಳುಗಟ್ಟಲೆ ಗ್ರಾಮೀಣ ಆಸ್ಪತ್ರೆಗಳಲ್ಲಿ ಬಿಡುತ್ತಿದೆ. ದಕ್ಷಿಣ ಆಸ್ಟ್ರೇಲಿಯಾದ ಫ್ಲಿಂಡರ್ಸ್ ವಿಶ್ವವಿದ್ಯಾಲಯ 1997ರಲ್ಲಿ ಒಂದು ಗುಂಪನ್ನು ವರ್ಷವಿಡೀ ಸಣ್ಣ ಊರುಗಳಲ್ಲಿ ಇಟ್ಟು ಕಲಿಸಿತು. ಅವರು ನಗರದ ದೊಡ್ಡ ಆಸ್ಪತ್ರೆಯಲ್ಲೇ ಉಳಿದವರಿಗಿಂತ ಪರೀಕ್ಷೆಯಲ್ಲಿ ಹಿಂದೆ ಬೀಳಲಿಲ್ಲ, ಮುಂದೇ ಇದ್ದರು. ಅಲ್ಲಿ ಪ್ರತಿ ಊರಿನಲ್ಲೂ ಕಲಿಸಲು ಒಪ್ಪಿದ, ಅದಕ್ಕೆ ಸಂಬಳ ಪಡೆದ ವೈದ್ಯರಿದ್ದರು ಎಂಬುದನ್ನೂ ಮರೆಯಬಾರದು. ನಮ್ಮ ತಾಲ್ಲೂಕು ಸರ್ಜನ್ನನ ತಲೆಯ ಮೇಲೆ ಹೊರರೋಗಿ ವಿಭಾಗ, ಆಪರೇಷನ್, ಶವಪರೀಕ್ಷೆ, ಕೋರ್ಟು ಸಾಕ್ಷಿ ಎಲ್ಲ ಹೇರಿ, ಇನ್ನು ನಾಲ್ವರು ಹುಡುಗರನ್ನೂ ಪುಕ್ಕಟೆ ಕಲಿಸು ಎಂದರೆ ಆತ ಅವರನ್ನು ಚೀಟಿ ಬರೆಯಲು ಕೂಡಿಸುತ್ತಾನೆ. ತಪ್ಪು ಆತನದಲ್ಲ.

ದಾರಿ ಪೂರ್ತಿ ಮುಚ್ಚಿಲ್ಲ. ಎಂ.ಎಸ್. ಓದುವ ಪಿಜಿಗಳು ಮೂರು ತಿಂಗಳು ಜಿಲ್ಲಾ ಮಟ್ಟದ ಆರೋಗ್ಯ ವ್ಯವಸ್ಥೆಯಲ್ಲಿ ಕೆಲಸ ಮಾಡಬೇಕೆಂದು 2020ರಲ್ಲೇ ನಿಯಮ ಬಂದಿದೆ. ಅಂಥ ಪಿಜಿಯೊಬ್ಬ ಹಾನಗಲ್ಲಿನಲ್ಲೋ ಹಿರೇಕೆರೂರಿನಲ್ಲೋ ಇದ್ದರೆ ಸರ್ಜನ್ನನಿಗೆ ಇನ್ನೊಂದು ಜತೆ ಕೈ, ವಿದ್ಯಾರ್ಥಿಗೆ ಹತ್ತಿರದ ಗುರು. 2021ರ ಇಂಟರ್ನ್‌ಶಿಪ್ ನಿಯಮದಲ್ಲಿ ಸರ್ಜರಿಗೆ 6 ವಾರ, ಸಮುದಾಯ ವೈದ್ಯಶಾಸ್ತ್ರಕ್ಕೆ 12 ವಾರ ಇದೆ. ಈ ಎರಡನ್ನು ಬೇರೆ ಬೇರೆ ಡಬ್ಬಿಯಲ್ಲಿ ಇಡದೆ, ವಿದ್ಯಾರ್ಥಿ ಹಾವೇರಿಯಲ್ಲಿ ತಾನು ಹಿಡಿದು ನಿಂತ ಆಪರೇಷನ್ನಿನ ರೋಗಿಯ ಹೊಲಿಗೆಯನ್ನು ಅವನ ಊರಿನ ಆರೋಗ್ಯ ಕೇಂದ್ರದಲ್ಲಿ ತಾನೇ ಬಿಚ್ಚುವಂತೆ ಹೊಂದಿಸಬಹುದು. ಇದಕ್ಕೆ ಹೊಸ ಕಟ್ಟಡ ಬೇಡ. ವಾರಕ್ಕೊಮ್ಮೆ ಓಡುವ ಒಂದು ಗಾಡಿ, ಇರಲು ಒಂದು ಸ್ವಚ್ಛ ಕೋಣೆ, ಹುಡುಗಿಯರಿಗೆ ರಾತ್ರಿ ಡ್ಯೂಟಿಯಲ್ಲಿ ಭದ್ರತೆ, ತಾಲ್ಲೂಕು ಸರ್ಜನ್ನನಿಗೆ ಬೋಧಕನೆಂಬ ಮಾನ್ಯತೆ ಮತ್ತು ಅದಕ್ಕೆ ತಕ್ಕ ಭತ್ಯೆ ಬೇಕು. ಮೊದಲ ಮೂರನ್ನು ಜಿಲ್ಲೆಯಲ್ಲೇ ಮಾಡಬಹುದು. ಕೊನೆಯದಕ್ಕೆ ಬೆಂಗಳೂರಿನ ಸಹಿ ಬೇಕು.

ದೊಡ್ಡ ಅಡ್ಡಿ ನಿಯಮದಲ್ಲಿಲ್ಲ, ನೀಟ್ ಪಿಜಿಯಲ್ಲಿದೆ. ಬಹು ಆಯ್ಕೆಯ ಇನ್ನೂರು ಪ್ರಶ್ನೆ ಮುಂದಿನ ಬದುಕನ್ನೇ ತೀರ್ಮಾನಿಸುವಾಗ ಹೌಸ್ ಸರ್ಜನ್ ಹುಡುಗ ವಾರ್ಡಿನಲ್ಲಿ ಯಾಕೆ ನಿಲ್ಲುತ್ತಾನೆ? ಹಾಜರಿ ಹಾಕಿ ಗ್ರಂಥಾಲಯಕ್ಕೆ ಓಡುತ್ತಾನೆ, ಮೊಬೈಲಿನಲ್ಲಿ ಪಾಠ ಕೇಳುತ್ತಾನೆ. ಅವನನ್ನು ಬೈದು ಪ್ರಯೋಜನವಿಲ್ಲ. ವಾರ್ಡಿನ ಕೆಲಸಕ್ಕೆ ಪರೀಕ್ಷೆಯಲ್ಲಿ ಬೆಲೆ ಬರುವವರೆಗೆ ಕ್ಲರ್ಕ್‌ಶಿಪ್ ಅರ್ಧಂಬರ್ಧವೇ.

2022-23ರಲ್ಲಿ ಹಾವೇರಿಗೆ ಸೇರಿದ ಮೊದಲ ತಂಡ ನಾಲ್ಕೂವರೆ ವರ್ಷದ ಓದು ಮುಗಿಸಿ ಹೌಸ್ ಸರ್ಜನ್ ಆಗುವುದು 2027ರ ಹೊತ್ತಿಗೆ. ಅವರಲ್ಲಿ ಹಲವರು ಕಡ್ಡಾಯ ಗ್ರಾಮೀಣ ಸೇವೆಗೆ ಇದೇ ತಾಲ್ಲೂಕುಗಳ ಆರೋಗ್ಯ ಕೇಂದ್ರಗಳಿಗೆ ಬಂದಾರು. ಆಗ ರಾತ್ರಿ ಕೊಂಬು ತಿವಿಸಿಕೊಂಡವನನ್ನು ಮೊದಲು ನೋಡುವವರು ಅವರೇ, ಪಕ್ಕದಲ್ಲಿ ಸರ್ ಇರುವುದಿಲ್ಲ. ಯಾವ ಹಾಸ್ಟೆಲಿನಲ್ಲಿ ಇರಿಸಬೇಕು, ಯಾವ ತಾಲ್ಲೂಕಿಗೆ ಎಷ್ಟು ಜನ, ಯಾರು ಸಹಿ ಹಾಕಬೇಕು ಎಂಬ ಪಟ್ಟಿಯನ್ನು ಕಾಲೇಜು ಮತ್ತು ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿ ಕೂತು ಬರೆಯಲು ಅವರು ಹೌಸ್ ಸರ್ಜನ್ ಆಗುವ ಮೊದಲಿನ ಮಳೆಗಾಲವೇ ಸರಿಯಾದ ಹೊತ್ತು. ದೀಪಾವಳಿಯ ಹೊತ್ತಿಗೆ ಒಬ್ಬಿಬ್ಬರನ್ನಾದರೂ ಹಾನಗಲ್ಲಿಗೆ ಕಳಿಸಬಹುದು.